ಯುಮಿಕೊ ಆಂಟಿಯ ಬಚ್ಚಲುಮನೆ

ನೆನೆದ ಮರದ ವಾಸನೆ ಎಲ್ಲಿ ಬಂದರೂ ಸುಬಾಂಗ್ ಜಯಾ ಎಂಬ ಹೊರದೇಶದ ಊರಿನ ನಮ್ಮ ಹಳೆಯ ಬೀದಿ ಕಣ್ಣಮುಂದೆ ಬರುತ್ತದೆ. ಪಕ್ಕದ ಮನೆಯ ಯುಮಿಕೊ ಆಂಟಿಯ ಗಂಡ ಜಪಾನಿನಿಂದ ಅಲ್ಲಿಯ ಕಾರ್ಖಾನೆಗೆ ಬಂದಿದ್ದ ಎಂಜಿನಿಯರ್. ಬೀದಿಯವರೆಲ್ಲ ಸೆಖೆ ತಾಳಲಾರದೆ ತಣ್ಣೀರು ಹುಯ್ದುಕೊಳ್ಳುವ ಸಂಜೆಗಳಲ್ಲಿ ಆ ಮನೆಯವರು ಮಾತ್ರ ಮರದ ತೊಟ್ಟಿಗೆ ಹಬೆಯಾಡುವ ನೀರು ತುಂಬಿ, ಒಬ್ಬರಾದ ಮೇಲೊಬ್ಬರು ಕತ್ತಿನವರೆಗೆ ಮುಳುಗಿ ಕೂರುತ್ತಿದ್ದರು. ಮೈಸೂರಿನಿಂದ ಬಂದು ನಮ್ಮೊಂದಿಗಿದ್ದ ಅಜ್ಜಿಗೆ ಇದು ಒಗ್ಗುತ್ತಿರಲಿಲ್ಲ. "ಒಬ್ಬರು ಕೂತೆದ್ದ ನೀರಿಗೆ ಇನ್ನೊಬ್ಬರು ಇಳಿಯೋದೇ? ನೀರು ಮೈಮೇಲೆ ಹರಿದು ಹೋಗ್ಬೇಕು ಕಣೇ" ಎನ್ನುತ್ತಿದ್ದಳು. "ದೇ ಲೈಕ್ ಇಟ್ ಲಾ, ಅಜ್ಜಿ" ಎಂದು ನಾನು ಓಡುತ್ತಿದ್ದೆ.

ಒಂದು ರಜೆಯ ದಿನ, ಅಪ್ಪ ಅಮ್ಮ ಆಫೀಸಿನಲ್ಲಿದ್ದಾಗ, ಅಜ್ಜಿಯ ಅಕ್ಕ ತೀರಿಕೊಂಡರೆಂದು ಮೈಸೂರಿನಿಂದ ಫೋನ್ ಬಂತು. ಸಾವಿನ ಸುದ್ದಿ ಕೇಳಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ಅಜ್ಜಿ ಷವರಿನ ಕೆಳಗೆ ನಿಂತು ಬಂದವಳು ಸೀರೆ ಬದಲಿಸದೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕರೆದರೂ ಏಳಲಿಲ್ಲ. ಆ ಸೆಖೆಯಲ್ಲೂ ನಡುಗುತ್ತಿದ್ದಳು. ಬಟ್ಟೆ ಒಣಹಾಕುತ್ತಿದ್ದ ಯುಮಿಕೊ ಆಂಟಿ ಗೋಡೆಯಾಚೆಯಿಂದ ನೋಡಿ, "ಗ್ರ್ಯಾಂಡ್‌ಮದರ್ ವೈ ವೆಟ್?" ಎಂದರು. ವಿಷಯ ತಿಳಿಸಿದೆ. ಅಜ್ಜಿ ಏನು ಹೇಳುತ್ತಿದ್ದಾರೆಂದು ಕೇಳಿದರು. "ಇನ್ನು ನನ್ನ ಬೆನ್ನು ತಿಕ್ಕೋರು ಯಾರೂ ಇಲ್ಲ" ಎಂದೇ ಅವಳು ಮತ್ತೆ ಮತ್ತೆ ಗೊಣಗುತ್ತಿದ್ದಳು. ನನಗೆ ಬಂದ ಇಂಗ್ಲಿಷಿನಲ್ಲಿ ಅದನ್ನೂ ಹೇಳಿದೆ. ಅವರು ಕೈಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಸುತ್ತಿ ಬಂದು ಅಜ್ಜಿಯ ಕೈ ಹಿಡಿದರು. ಯಾರ ಮನೆಯಲ್ಲೂ ನೀರು ಕುಡಿಯಲು ಹಿಂಜರಿಯುತ್ತಿದ್ದ ನನ್ನ ಅಜ್ಜಿ ಎದ್ದು ಅವರ ಹಿಂದೆ ನಡೆದಳು.

ನಾನು ಅವರ ಬಚ್ಚಲ ಬಾಗಿಲಲ್ಲಿ ನಿಂತೆ. ಆಂಟಿ ಅಜ್ಜಿಯನ್ನು ತೊಟ್ಟಿಯ ಹೊರಗೆ ಗಿಡ್ಡ ಮಣೆಯ ಮೇಲೆ ಕೂರಿಸಿ, ತಲೆಯಿಂದ ಕಾಲ್ಬೆರಳ ಸಂದಿಯವರೆಗೆ ಸೋಪು ಹಚ್ಚಿ ತೊಳೆದರು. ಬೆನ್ನು ತಿಕ್ಕುವಾಗ, ಊರಲ್ಲಿ ತಾಯಿಯ ಬೆನ್ನನ್ನು ತಾನೇ ತಿಕ್ಕುತ್ತಿದ್ದೆ ಎಂದರು. ಅದನ್ನು ನನ್ನ ಮುರುಕು ಕನ್ನಡದಲ್ಲಿ ಅಜ್ಜಿಗೆ ಹೇಳಿದಾಗ ಅವಳು ಮೊದಲ ಸಲ ಬಿಕ್ಕಿ ಅತ್ತಳು. ಮೈಮೇಲೆ ಒಂದು ನೊರೆಯ ಗುಳ್ಳೆಯೂ ಉಳಿಯದ ಮೇಲಷ್ಟೇ ಆಂಟಿ ಅವಳನ್ನು ನೀರಿಗಿಳಿಸಿದರು. ಹಬೆಯೊಳಗೆ ಅಜ್ಜಿಯ ಮುಖದ ಸುಕ್ಕುಗಳು ಸಡಿಲಾದವು. ನಾನು ಅಂಥ ಅಜ್ಜಿಯನ್ನು ಕಂಡೇ ಇರಲಿಲ್ಲ. ಉಸಿರಾಡಲೂ ಅಂಜಿಕೆಯಾಗುವಷ್ಟು ಹೊಸಬಳಾಗಿದ್ದಳು. "ಕೊಳೆಯೆಲ್ಲ ಹೊರಗೇ ಬಿಟ್ಟು ಒಳಗೆ ಬರ್ತಾರೆ ಕಣೇ, ಗರ್ಭಗುಡಿಗೆ ಹೋದ ಹಾಗೆ. ನನಗೆ ತಿಳೀಲೇ ಇಲ್ಲ" ಎಂದಳು ಮೆಲ್ಲಗೆ.

ಆ ದೀಪಾವಳಿಗೆ ಅಜ್ಜಿ ಯುಮಿಕೊ ಆಂಟಿಯನ್ನು ಕರೆಸಿ, ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿದಳು. ಸೀಗೆಪುಡಿ ಹಾಕಿ ಎರೆದಳು. ಹೋಳಿಗೆ ಉಂಡ ಆಂಟಿಗೆ ಎಣ್ಣೆಸ್ನಾನದ ಮಂಪರು ಹತ್ತಿ, ನಮ್ಮ ನಡುಮನೆಯ ಚಾಪೆಯ ಮೇಲೆಯೇ ನಿದ್ದೆ ಬಂದಿತು. ಅಜ್ಜಿ ಟಿವಿ ಆರಿಸಿದಳು, ಫೋನಿನಲ್ಲಿ ಮಾತಾಡುತ್ತಿದ್ದ ಅಪ್ಪನನ್ನು ಹೊರಗೆ ಕಳಿಸಿದಳು, ಎದ್ದು ಬಂದ ನನ್ನನ್ನು ಕಣ್ಣಲ್ಲೇ ತಡೆದಳು. ಮುಂದೆ ಅವರು ಜಪಾನಿಗೆ ಮರಳಿದರು. ಅಜ್ಜಿಯೂ ತೀರಿಕೊಂಡಳು. ಆ ಎರಡೂ ಮನೆಗಳಲ್ಲಿ ಈಗ ಯಾರಿದ್ದಾರೋ ತಿಳಿಯದು. ಆದರೆ ಅಂದು ಮಧ್ಯಾಹ್ನ ಆಂಟಿಯ ತಲೆಯ ಬಳಿ ಕುಳಿತು, ಒದ್ದೆ ಕೂದಲು ನೆಲಕ್ಕೆ ತಾಗದ ಹಾಗೆ ಅಂಗೈಯಲ್ಲಿ ಹಿಡಿದುಕೊಂಡೇ ಇದ್ದಳು ಅಜ್ಜಿ, ಅವರಾಗಿ ಏಳುವವರೆಗೆ.