ಗೊಂಬೆಗೆ ಉಡಿಸಿದ ಅಜ್ಜಿಯ ಸೀರೆ

ನಮ್ಮ ಕಾಲೇಜಿನ ವಸ್ತ್ರ ಸಂಗ್ರಹಾಲಯದಲ್ಲಿ ಈಗ ಹದಿಮೂರು ಉಡುಪುಗಳಿವೆ. ಉದ್ಘಾಟನೆಯ ದಿನ ಬೆಳಗ್ಗೆ ಹದಿನಾಲ್ಕಿದ್ದವು. ಕಡಿಮೆಯಾದದ್ದು ನನ್ನ ಅಜ್ಜಿಯ ಸೀರೆ. ಅದನ್ನು ಬಿಚ್ಚಿ ತಂದವಳು ನಾನೇ. ಆ ದಿನದ ಡೈರಿ ಬರೆಯುವಾಗ ಸಿಟ್ಟಿಗೆ ಪೆನ್ನು ಎರಡು ಕಡೆ ಕಾಗದ ಹರಿದಿದೆ.

ನಾನು ಕೊತ್ತತ್ತಿಯಿಂದ ದಿನಾ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಜೂನ್ ತಿಂಗಳಲ್ಲಿ ಕೊರಿಯಾದ ಒಂದು ವಸ್ತ್ರ ಸಂಗ್ರಹಾಲಯ ನಮ್ಮ ಪಾಠಕ್ಕೆಂದು ಒಂಬತ್ತು ಉಡುಪು ಕಳಿಸಿತು. ರೇಷ್ಮೆಯ ಮದುವೆ ಬಟ್ಟೆಗಳ ನಡುವೆ ಒಂದು ಸಾದಾ ಜೋಡಿಯೂ ಇತ್ತು: ಚೋಗೊರಿ ಎಂಬ ಗಿಡ್ಡ ಮೇಲಂಗಿ, ಚಿಮಾ ಎಂಬ ನೀಲಿ ಹತ್ತಿಯ ಉದ್ದ ಲಂಗ. ಅಲ್ಲಿಯೂ ಭತ್ತ ನಾಟಿ ಮಾಡುತ್ತಾರೆ. ಗದ್ದೆಗೆ ಇಳಿಯುವ ಹೆಂಗಸರು ಲಂಗವನ್ನು ಮೇಲಕ್ಕೆತ್ತಿ ಸೊಂಟಕ್ಕೆ ಒಂದು ಪಟ್ಟಿ ಬಿಗಿದುಕೊಳ್ಳುತ್ತಿದ್ದರಂತೆ. ಆ ಪಟ್ಟಿ ಕಟ್ಟುವ ಚಿತ್ರವೂ ಜೊತೆಗೆ ಬಂದಿತ್ತು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಅದು ಸರಿಯಾಗುವವರೆಗೆ ನಮ್ಮಿಂದ ಕಟ್ಟಿಸಿದರು. “ಉಡುಪು ಅಂದರೆ ಬರೀ ಬಟ್ಟೆಯಲ್ಲ, ಅದನ್ನು ಉಟ್ಟ ರೀತಿ” ಎಂದರು. ನಾನು ಆ ಮಾತನ್ನು ಬರೆದುಕೊಂಡೆ.

ಪಕ್ಕದಲ್ಲಿ ನಮ್ಮ ಕಡೆಯ ಐದು ಉಡುಪು ಇಡುವುದಿತ್ತು; ಅದರಲ್ಲಿ ದುಡಿಮೆಯದೂ ಒಂದು ಬೇಕು ಎಂದು ಮೇಡಂ ತಾವೇ ಕೇಳಿದರು. ನಾನು ಅಜ್ಜಿಯನ್ನು ಕೇಳಿದೆ.

“ಅದ್ಯಾಕ್ ಮಗ, ನಾಟಿ ಸೀರೆನ ಕಾಲೇಜಲ್ಲಿ ಮಡಿಕತ್ತರಾ?”

“ಕೊರಿಯಾದವ್ರ ನಾಟಿ ಬಟ್ಟೆ ಪಕ್ಕದಲ್ಲಿ ಇಡ್ತರೆ ಕಣಜ್ಜಿ.”

“ಅವ್ರೂ ಬತ್ತ ನೆಡ್ತರಾ? ಅಂಗಾರೆ ತಕಂಡೋಗು. ಆದ್ರೆ ನಾನ್ ಎಂಗ್ ಉಟ್ಕತಿದ್ನೋ ಅಂಗೇ ಉಡುಸ್ಬೇಕು. ಎಂಗೆಂಗೋ ಉಡ್ಸಿ ಮಾನ ಕಳೀಬ್ಯಾಡ.”

ಅಜ್ಜಿಯ ರೀತಿಯೆಂದರೆ ಇದು. ನೆರಿಗೆಗಳನ್ನು ಒಟ್ಟಿಗೆ ಮಂಡಿಯವರೆಗೆ ಎತ್ತಿ, ಬಲಮಗ್ಗುಲಲ್ಲಿ ಒಂದು ಗಂಟು ಹಾಕಿ, ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸುವುದು. ಗಂಟಿನ ಸಂದಿಯಲ್ಲಿ ಎಲೆಅಡಿಕೆ ಚೀಲ. ಸೀರೆ ನೆಂದಷ್ಟೂ ಗಂಟು ಬಿಗಿಯುತ್ತದೆ. ಹಾಗೆ ಉಟ್ಟದ್ದಕ್ಕೆ ಸೀರೆಯೇ ಸಾಕ್ಷಿ: ಕೆಸರಿನ ಕಲೆ ಇರುವುದು ಅಂಚಿನಲ್ಲಲ್ಲ, ಸೀರೆಯ ನಡುವೆ, ಎತ್ತಿ ಕಟ್ಟಿದಾಗ ಕೆಳಗೆ ಜೋಲುತ್ತಿದ್ದ ಮಡಿಕೆಯಲ್ಲಿ. ಅಜ್ಜಿ ನನಗೇ ಉಡಿಸಿ ತೋರಿಸಿದಳು. ಉದ್ಘಾಟನೆಯ ಹಿಂದಿನ ಸಂಜೆ ನಾನು ಸಂಗ್ರಹಾಲಯದ ಆಳೆತ್ತರದ ಬಟ್ಟೆಗೊಂಬೆಗೆ ಹಾಗೆಯೇ ಉಡಿಸಿ ಮನೆಗೆ ಬಂದೆ.

ಮರುದಿನ ಅಜ್ಜಿಯನ್ನು ಕರೆದುಕೊಂಡು ಹೋದಾಗ ಗೊಂಬೆಯ ಗಂಟು ಬಿಚ್ಚಿತ್ತು. ಸೀರೆ ಪಾದ ಮುಚ್ಚುವಂತೆ ಇಳಿದಿತ್ತು. ಕಲೆ ಕಾಣದಂತೆ ನೆರಿಗೆ ಮಡಿಸಿ ಪಿನ್ನು ಚುಚ್ಚಿದ್ದರು. ಕೊರಿಯಾದ ಜೋಡಿಯ ಫಲಕದಲ್ಲಿ ಹನ್ನೊಂದು ಸಾಲು ಇತಿಹಾಸ. ನಮ್ಮದರಲ್ಲಿ ಒಂದೇ ಸಾಲು: ‘ಗ್ರಾಮೀಣ ಮಹಿಳೆಯ ಸೀರೆ’. ನಾನು ಬರೆದುಕೊಟ್ಟಿದ್ದ ಒಂಬತ್ತು ಸಾಲು ಎಲ್ಲಿಗೆ ಹೋಯಿತೋ.

ಅಜ್ಜಿ ಗೊಂಬೆಯ ಮುಂದೆ ನಿಂತು, “ಇದ್ಯಾರ್ ಸೀರೆ ಮಗ?” ಎಂದಳು.

“ನಿಂದೇ ಕಣಜ್ಜಿ.”

“ನಂದಾ? ಇಂಗ್ ಉಟ್ಕಂಡು ಗದ್ದೆಗಿಳುದ್ರೆ ಮಕಾಡೆ ಬೀಳಾದೇಯ.”

ಹಲಗೂರು ಕಡೆಯ ನನ್ನ ಗೆಳತಿ ನಕ್ಕು, “ಲೇ, ರಾತ್ರೆ ನಿಮ್ಮಜ್ಜಿ ಸೀರೆನ ಮದ್ವೆಗ್ ಕಳ್ಸವ್ರೆ ಕಣೇ” ಎಂದಳು. ನನಗೆ ನಗು ಬರಲಿಲ್ಲ. ಮೇಡಂ ಹತ್ತಿರ ಹೋಗಿ ಯಾಕೆ ಬಿಚ್ಚಿದಿರಿ ಎಂದು ಕೇಳಿದೆ.

“ಮಂಡಿ ಕಾಣಿಸ್ತಿತ್ತಲ್ಲಮ್ಮ. ಗಣ್ಯರು ಬರ್ತಾರೆ. ನಮ್ಮ ಸಂಸ್ಕೃತಿಯನ್ನ ಹಾಗಾ ತೋರಿಸೋದು?”

“ಕೊರಿಯಾದ ಲಂಗವನ್ನೂ ಎತ್ತಿ ಕಟ್ಟಿದೆಯಲ್ಲ ಮೇಡಂ. ನೀವೇ ಕಟ್ಟಿಸಿದ್ದು.”

“ಅದು ಇತಿಹಾಸ. ಅಧ್ಯಯನದ ವಸ್ತು.”

ನಾಲ್ಕು ಹೆಜ್ಜೆ ದೂರದಲ್ಲಿ ಎರಡೂ ಗೊಂಬೆಗಳು ನಿಂತಿದ್ದವು. ಎರಡೂ ನಾಟಿಯ ಬಟ್ಟೆ. ಸಮುದ್ರದಾಚೆಯ ಹೆಂಗಸು ಕಾಲು ತೋರಿಸಿದರೆ ಇತಿಹಾಸ, ಕೊತ್ತತ್ತಿಯ ಹೆಂಗಸು ತೋರಿಸಿದರೆ ನಾಚಿಕೆಗೇಡು. ಆ ಗಣ್ಯರು ಬೆಳಗ್ಗೆ ತಿಂದು ಬಂದ ಇಡ್ಲಿಯ ಅಕ್ಕಿ ಯಾರೋ ಸೀರೆ ಎತ್ತಿ ಕಟ್ಟಿ ನೆಟ್ಟದ್ದೇ ಇರಬೇಕು. ಅದನ್ನು ತಿನ್ನಲು ಯಾರಿಗೂ ಸಂಕೋಚವಿರಲಿಲ್ಲ.

ಇದನ್ನು ಅಲ್ಲಿಯೇ ಹೇಳುತ್ತಿದ್ದೆನೇನೋ. ಅಷ್ಟರಲ್ಲಿ ಅಜ್ಜಿ ಕಣ್ಣಿಗೆ ಬಿದ್ದಳು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಬಗ್ಗಿ, ತಾನು ಉಟ್ಟಿದ್ದ ಸೀರೆಯ ಅಂಚನ್ನು ಪಾದ ಮುಚ್ಚುವಂತೆ ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು. “ಬುಡು ಮಗ, ಅವ್ರು ಏಳ್ದಂಗೇ ಇರ್ಲಿ. ನಮ್ಮಂತೋರ್ ಕಾಲು ಏನ್ ನೋಡಾರು” ಎಂದಳು. ಊರಿನ ಅರ್ಧ ಗದ್ದೆಗಳಲ್ಲಿ ಪೈರು ನೆಟ್ಟ ಅಜ್ಜಿ, ಯಾರ ಮುಂದೆಯೂ ದನಿ ತಗ್ಗಿಸದ ಅಜ್ಜಿ, ತನ್ನ ಕಾಲು ಮುಚ್ಚಿಕೊಳ್ಳುವಂತೆ ಮಾಡಿದ್ದರು. ಕರೆದುಕೊಂಡು ಬಂದವಳು ನಾನು.

ಪಿನ್ನುಗಳನ್ನು ಒಂದೊಂದಾಗಿ ತೆಗೆದು ಗೊಂಬೆಯ ತಲೆಯ ಮೇಲೆ ಸಾಲಾಗಿ ಚುಚ್ಚಿದೆ. ಹೊರಗೆ ಕಾರು ನಿಂತ ಸದ್ದು. “ಏನ್ ಮಾಡ್ತಿದ್ದೀಯಮ್ಮ?” ಎಂದು ಮೇಡಂ ಬಂದರು. ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ನಾನು ಸೀರೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಅಜ್ಜಿಯ ಕೈ ಹಿಡಿದು ಹೊರಟೆ.

ಬಸ್ಸಿನಲ್ಲಿ ಅಜ್ಜಿ, “ನನ್ನಿಂದ ನಿಂಗೆ ಮಾರ್ಕು ಗೀರ್ಕು ಕಳೀತರಾ?” ಎಂದು ಕೇಳಿದಳು. ಕಳೆಯಲ್ಲ ಎಂದೆ. ಅದು ನನಗೂ ಗೊತ್ತಿರಲಿಲ್ಲ.

ಮುಂದಿನ ಸೋಮವಾರ ಮೇಡಂ ಕರೆಸಿದರು. ಗೊಂಬೆ ಬರಿಮೈಯಲ್ಲಿ ನಿಂತಿದೆ, ಕೊರಿಯಾದವರಿಗೆ ಫೋಟೊ ಕಳಿಸಬೇಕು, ಸೀರೆ ತಂದುಬಿಡು ಎಂದರು.

“ಹೇಗೆ ಉಡಿಸ್ತೀರಿ ಮೇಡಂ?”

“ಅದನ್ನ ಆಮೇಲೆ ನೋಡೋಣ.”

“ಹಾಗಾದರೆ ಸೀರೆನೂ ಆಮೇಲೇ ಬರುತ್ತೆ” ಎಂದು ಹೇಳಿ ಕ್ಲಾಸಿಗೆ ಹೋದೆ.