ಕತ್ತಲೆ ಅಡುಗೆಮನೆಗೆ ಕೊಟ್ಟ ಮುಂಗಡ

ಕೊಡಿಗೇಹಳ್ಳಿಯ ಒಂದು ಮನೆಗೆ ಕೊಟ್ಟ ಐವತ್ತೊಂದು ರೂಪಾಯಿ ಮುಂಗಡ ನನಗೆ ವಾಪಸು ಬರಲಿಲ್ಲ. ಹೆಂಡತಿ ಆಡಿದ ನಿಜವಾದ ಮಾತನ್ನು ಚೌಕಾಸಿಯ ಮಾತೆಂದು ತಿಳಿದದ್ದಕ್ಕೆ ಬಿದ್ದ ಖರ್ಚು ಅದು.

ಐವತ್ತರ ದಶಕದ ಕೊನೆ. ಯಲಹಂಕದಲ್ಲಿ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆ ಕೊಂಡು ಮಾರುತ್ತಿದ್ದೆ. ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಕೊಳ್ಳುವಷ್ಟು ದುಡ್ಡು ಕೂಡಿತ್ತು. ಮನೆ ನೋಡಲು ಹೊರಟಾಗ ಬಸ್ಸಿನಲ್ಲೇ ಹೆಂಡತಿಗೆ ಹೇಳಿದ್ದೆ: "ಅಲ್ಲಿ ಏನೂ ಹೊಗಳ್ಬೇಡ. ಮುಖದಲ್ಲೂ ತೋರಿಸ್ಬೇಡ."

ಮನೆಯ ಯಜಮಾನ ಬಾಗಿಲಲ್ಲೇ ಮಜ್ಜಿಗೆ ಕೊಟ್ಟ. ಕೇಳದೆ ಮಜ್ಜಿಗೆ ಕೊಡುವವನ ಮನೆಯಲ್ಲಿ ನಾನು ಮೊದಲು ಗೋಡೆಯ ಬಿರುಕು ಹುಡುಕುತ್ತೇನೆ. ಬಿರುಕು ಕಾಣಲಿಲ್ಲ. ಆದರೆ ಸುಣ್ಣ ಹೊಸದಾಗಿ ಹೊಡೆದದ್ದು. ಅನುಮಾನ ಇನ್ನೂ ಹೆಚ್ಚಿತು. ಅಷ್ಟರಲ್ಲಿ ಒಳಗೆ ನೋಡಲು ಹೋಗಿದ್ದ ನನ್ನ ಹೆಂಡತಿ ಕೂಗಿದಳು: "ಅಯ್ಯೋ, ಅಡುಗೆಮನೇಲಿ ಹಗಲೊತ್ತೇ ದೀಪ ಬೇಕಲ್ಲ! ಇಲ್ಲಿ ನಿಂತು ಯಾರ್ ಬೇಯಿಸ್ತಾರೆ?"

ಭಲೇ ಎಂದುಕೊಂಡೆ. ಇಷ್ಟು ಚೆನ್ನಾಗಿ ಬೆಲೆ ಇಳಿಸುವವಳು ಮನೆಯಲ್ಲೇ ಇದ್ದಾಳೆಂದು ಗೊತ್ತಿರಲಿಲ್ಲ. ಅವಳ ಮಾತನ್ನೇ ಹಿಡಿದು ಜಗ್ಗಿದೆ, ಯಜಮಾನ ಇಳಿದ, ಎಲೆಅಡಿಕೆಯ ಮೇಲೆ ಮುಂಗಡ ಇಟ್ಟು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂತಳು. ಯಜಮಾನನ ಹೆಂಡತಿ ಒಳಗೆ ಏನೋ ಕಿವಿಯಲ್ಲಿ ಊದಿದ್ದಾಳೆ ಎಂದು ನನಗೆ ಗುಮಾನಿ.

"ಏನಂದ್ಲು ಆಯಮ್ಮ?"

"ಏನೂ ಅನ್ಲಿಲ್ಲ. ನಂಗೆ ಆ ಮನೆ ಬೇಡ. ಅಲ್ಲೇ ಹೇಳಿದ್ನಲ್ಲ."

"ಅದು ರೇಟು ಇಳಿಸಕ್ಕೆ ಹೇಳಿದ್ದಲ್ವಾ?"

"ಹೊಗಳ್ಬೇಡ ಅಂದ್ರಿ. ನಾನೆಲ್ಲಿ ಹೊಗಳ್ದೆ? ಇದ್ದಿದ್ದು ಹೇಳ್ದೆ."

ಅದನ್ನೂ ನಂಬಲಿಲ್ಲ. ಅವಳ ತವರು ತಣಿಸಂದ್ರ. "ನಿಮ್ಮಮ್ಮನ ಪಕ್ಕದಲ್ಲೇ ಮನೆ ಬೇಕು, ಅಷ್ಟೇ ತಾನೇ?" ಎಂದೆ.

"ಬ್ಯಾಡಪ್ಪಾ! ಅಲ್ಲಿದ್ರೆ ನೀವು ದಿನಾ ಅಮ್ಮನ ಮನೇಲೇ ಉಣ್ಣಕ್ಕೆ ಕೂತ್ಕೊತೀರ. ನಂಗೆ ಬೇಯಿಸೋ ಕಡೆ ಬೆಳಕು ಬೇಕು. ಹಿತ್ತಲಿಗೊಂದು ಬಾಗಿಲು ಬೇಕು. ನಿಮ್ಮ ಯಾಪಾರದೋರು ಜಗಲಿ ತುಂಬ ಕೂತಿದ್ರೆ, ಅವ್ರನ್ನ ದಾಟ್ಕೊಂಡು ನಾನು ನೀರಿಗೆ ಹೋಗಲ್ಲ. ಇವೆರಡೇ."

ಆ ಮಾತನ್ನು ತಿರುವಿ ಮುರುವಿ ನೋಡಿದೆ. ಒಳಗೆ ಏನೂ ಅಡಗಿರಲಿಲ್ಲ. ಜೀವಮಾನವೆಲ್ಲ ಆ ಕತ್ತಲಲ್ಲಿ ಅವಳು ಕಣ್ಣು ಉರಿಸಿಕೊಳ್ಳುವುದಕ್ಕಿಂತ ಮುಂಗಡ ಹೋದರೆ ಹೋಗಲಿ ಎಂದು ಮಾರನೆಯ ದಿನ ವ್ಯಾಪಾರ ಮುರಿದೆ.

ನೀವೂ ಮನೆಯೋ ಹಸುವೋ ಕೊಳ್ಳಲು ಗಂಡಹೆಂಡಿರು ಜೊತೆಯಾಗಿ ಹೊರಟರೆ, ಮಾರುವವನ ಎದುರು ಒಬ್ಬರಿಗೊಬ್ಬರು ಆಡಿದ ಮಾತು ನಿಜವೋ ಚೌಕಾಸಿಯೋ ಎಂದು ನೀವೇ ಊಹಿಸಬೇಡಿ. ದುಡ್ಡು ಕೊಡುವ ಮೊದಲು ಇಬ್ಬರೂ ಆಚೆ ರಸ್ತೆಗೆ ಬನ್ನಿ. ಬೇಕೋ ಬೇಡವೋ, ಬೇಡವಾದರೆ ಯಾಕೆ, ಬಿಡಿಸಿ ಕೇಳಿ, ಬಿಡಿಸಿ ಹೇಳಿ. "ನಿಮ್ಮಿಷ್ಟ" ಎಂಬ ಉತ್ತರ ಬಂದರೆ ಮಾತ್ರ ನಂಬಬೇಡಿ. ಆವತ್ತು ಜೇಬಿಗೆ ಕೈ ಹಾಕದೆ ಮನೆಗೆ ಹೋಗಿ.