ದಾರಿ ತಮ್ಮಣ್ಣನದು, ಕೈ ಹಸೀನಾಳದು

೧೯೯೭ನೇ ಇಸವಿ. ಕೃಷ್ಣಾ ಹೊಳೆಯಾಚೆಗಿನ ಊರಿನಲ್ಲಿ ನನ್ನ ತಂಗಿಯ ಮಗಳ ಮದುವೆ. ನಮ್ಮೂರು ಮುಚ್ಚಂಡಿಯ ಬಳೆಗಾರ್ತಿ ಹಸೀನಾಳೇ ಬಂದು ಮದುಮಗಳಿಗೆ ಬಳೆ ಇಡಿಸಬೇಕೆಂದು ತಂಗಿ ಹಟ ಹಿಡಿದಿದ್ದಳು. ಎಂಥ ಬಿಗಿ ಬಳೆಯಿದ್ದರೂ ಹಸೀನಾ ನೋಯಿಸದೆ ಏರಿಸುತ್ತಿದ್ದಳು. ಗಂಡ ಸತ್ತ ಮೇಲೆ ಮಕ್ಕಳನ್ನು ಸಾಕಿದ್ದು ಅವಳ ಬಲಗೈಯೇ.

ಎಸ್‌ಟಿ ಬಸ್ಸು ಇಳಿದು, ಜೀಪು ಹಿಡಿದು ಇಬ್ಬರೂ ಹೊಳೆಯ ದಂಡೆಗೆ ಬಂದೆವು. ನಾನು ಅಲ್ಲಿಯವರೆಗೆ ದೋಣಿ ಹತ್ತಿದವಳಲ್ಲ. ನಮ್ಮ ಕಡೆ ನೀರೆಂದರೆ ಬಾವಿಗೆ ಬಗ್ಗಿ ನೋಡುವಂಥದ್ದು. ಅದಕ್ಕೇ ನನಗೆ ಹೆದರಿಕೆಗಿಂತ ಸೋಜಿಗ ಹೆಚ್ಚು. ಅಂಬಿಗ ತಮ್ಮಣ್ಣ ದೋಣಿಯನ್ನು ಆಚೆ ದಂಡೆಗೆ ನೆಟ್ಟಗೆ ಬಿಡಲಿಲ್ಲ. ಈ ದಂಡೆಗುಂಟ ಬಿದಿರಿನ ಗಳ ಊರುತ್ತ, ಹರಿವಿಗೆ ಎದುರಾಗಿ ಮೇಲಕ್ಕೆ ಒಯ್ದ.

"ಊರು ಎದುರಿಗೆ ಕಾಣತೈತಿ, ನೀ ಎತ್ತಾಗ ಹೊಂಟೀಪಾ?" ಎಂದೆ.

"ನೀರು ತಾನ ಕೆಳಗ ಎಳೀತೈತ್ರೀ ಅವ್ವಾರ. ಮ್ಯಾಲಿಂದ ಬಿಟ್ರ ಬರೋಬ್ಬರಿ ದೋಣಿ ಕಟ್ಟೋ ಘಾಟಿಗೆ ಹೋಗಿ ಮುಟ್ಟತೇವಿ."

ಹೇಳಿದಂತೆಯೇ ದೋಣಿ ಸೆಳವಿಗೆ ಬಿದ್ದು ಓರೆಯಾಗಿ ಇಳಿಯತೊಡಗಿತು. ಆಚೆ ದಂಡೆ ಹತ್ತಿರವಾಗುವಷ್ಟರಲ್ಲಿ, ಅಲ್ಲಿಂದ ಹೊರಟ ಇನ್ನೊಂದು ದೋಣಿ ಆ ದಂಡೆಗುಂಟ ಮೇಲಕ್ಕೆ ಏರುತ್ತ ನಮಗೆ ಎದುರಾಯಿತು. ಅದರ ಅಂಬಿಗ ತಮ್ಮಣ್ಣನ ಕಾಕಾನ ಮಗ ಶಿವಪ್ಪ.

"ಲೇ ಶಿವ್ಯಾ, ನಿಂದರಸಲೇ!"

"ನೀ ಹೊಳ್ಳಸೋ ದೊಡ್ಡಸ್ತಿಕಿ ಮಾಡಾವ!"

ಇಬ್ಬರ ಬಾಯಿ ಓಡಿತು, ಗಳ ಓಡಲಿಲ್ಲ. ದೋಣಿಗಳು ಢಬ್ಬೆಂದು ಬಡಿದವು. ಬಜಾರದಲ್ಲಿ ಮೈಮೇಲೆ ಬರುವ ಕೈಗಾಡಿಯನ್ನು ತಳ್ಳುವ ಹಾಗೆ ಹಸೀನಾ ಬಲಗೈ ಚಾಚಿದ್ದಳು. ಎರಡೂ ದೋಣಿಗಳ ಅಂಚಿನ ನಡುವೆ ಅವಳ ಮಣಿಕಟ್ಟು ಸಿಕ್ಕಿತು.

ದಂಡೆಗೆ ಇಳಿದಾಗ ಕೈ ಬಾತು ಬದನೆಕಾಯಿಯಾಗಿತ್ತು. ಅಂಬಿಗರಿಗೆ ಅದಕ್ಕಿಂತ ತಪ್ಪು ಯಾರದೆಂಬ ಜಗಳವೇ ದೊಡ್ಡದು. ನಾನೂ ಬಾಯಿ ಹಾಕಿದೆ. ನಮ್ಮಲ್ಲಿ ಏರು ಹತ್ತುವ ಗಾಡಿಗೆ ಇಳಿಯುವ ಗಾಡಿಯವ ದಾರಿ ಬಿಡಬೇಕು. ಏರಿನಲ್ಲಿ ನಿಂತ ಎತ್ತು ಮತ್ತೆ ಹೆಜ್ಜೆ ಕೀಳುವುದಿಲ್ಲ. "ಹತ್ತಾವ ಶಿವಪ್ಪ. ತಪ್ಪು ತಮ್ಮಣ್ಣಂದs," ಎಂದೆ.

ಘಾಟಿನ ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದ ಮುದುಕಿಯೊಬ್ಬಳು ನಕ್ಕಳು. ಅವಳು ಆ ಇಬ್ಬರ ಅಜ್ಜಿ. ಎಲ್ಲರೂ ಆಯಿ ಎನ್ನುತ್ತಿದ್ದರು. ಅವಳು ಬಾಯಿ ತೆರೆದೊಡನೆ ಇಬ್ಬರೂ ಜಗಳ ಬಿಟ್ಟು ಅವಳತ್ತ ತಿರುಗಿದರು.

"ನಿನ್ನ ಗಾಡಿ ಕಾಯಿದೆ ಇಲ್ಲಿ ನಡಿಯೂದಿಲ್ಲವ್ವಾ. ಸೆಳವಿನ್ಯಾಗ ಬರಾವಗ ನಿಲ್ಲಾಕ ಆಗೂದಿಲ್ಲ. ಹತ್ತಾವ ಗಳ ಊರಿ ದಂಡಿಗಿ ನಿಲ್ಲಬೇಕು. ದಾರಿ ತಮ್ಮಣ್ಣಂದು."

ನೆಲದ ಮೇಲಿನದಕ್ಕೆ ಪೂರಾ ಉಲ್ಟಾ! ನನಗೆ ತಡೆಯಲಾಗಲಿಲ್ಲ. "ಹಂಗಾರ ಹತ್ತಾವನ ದೋಣಿ ತುಂಬಿತ್ತಂದ್ರ? ನೀರು ಕಮ್ಮಿ ಇತ್ತಂದ್ರ?" ಎಂದು ಕೇಳತೊಡಗಿದೆ.

"ಯಾ ಅಲ್ಲಾ! ನನ್ನ ಕೈ ಮುರದೈತಿ ಅಕ್ಕಾ, ನೀ ಸಾಲಿ ಕಲಿಯಾಕ ಕುಂತೆಲ್ಲ!" ಎಂದು ಹಸೀನಾ ಬೈದಳು.

ತಮ್ಮಣ್ಣ ಗೆದ್ದವನಂತೆ ಗಳ ಎತ್ತಿಕೊಂಡು ಹೊರಟಿದ್ದ. ಆಯಿ ತಡೆದಳು.

"ಅಂವ ನಿಲ್ಲೂದಿಲ್ಲಂತ ನಿನಗ ಕಾಣತಿತ್ತೋ ಇಲ್ಲೋ?"

"ಕಾಣತಿತ್ತು."

"ಗಳ ಊರಿ ಬಾಜೂಕ ಸರಸಾಕ ಬರತಿತ್ತೋ ಇಲ್ಲೋ?"

"ಬರತಿತ್ತು. ಆದ್ರ ದಾರಿ ನಂದಿತ್ತಲ್ಲ ಆಯಿ?"

"ದಾರಿ ನಿಂದು. ದೋಣ್ಯಾಗ ಕುಂತ ಮಂದಿ ಜಿಮ್ಮೇದಾರಿ ಯಾರದು?"

ತಮ್ಮಣ್ಣ ಗಳ ಕೆಳಗಿಟ್ಟ.

ಹಸೀನಾಳ ಕೈ ಕೂಡುವವರೆಗೆ ಅವಳ ಮನೆಗೆ ಜೋಳ ಈ ಇಬ್ಬರೇ ಮುಟ್ಟಿಸಬೇಕು, ಎರಡು ಪಾಲು ಶಿವಪ್ಪ, ಒಂದು ಪಾಲು ತಮ್ಮಣ್ಣ ಎಂದು ಆಯಿ ಹೇಳಿದಳು. ಶಿವಪ್ಪ ಹಸೀನಾಳನ್ನು ಸೈಕಲ್ಲಿನ ಮೇಲೆ ಎಲುಬು ಕೂಡಿಸುವವನ ಬಳಿಗೆ ಒಯ್ದ. ತಮ್ಮಣ್ಣ ಬಳೆಯ ಗಂಟು ಹೊತ್ತು ನನ್ನ ಜೊತೆ ನಡೆದ. ದಾರಿಯುದ್ದಕ್ಕೂ ಒಂದೇ ಗೊಣಗು: "ತಪ್ಪು ಅವಂದು, ಹೊರಿ ನನಗ."

ಸಂಜೆ ಹಸೀನಾ ಬಿದಿರುದಬ್ಬೆ ಕಟ್ಟಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅವಳು ಹೇಳಿಕೊಟ್ಟ ಹಾಗೆ ನಾನೇ ಮದುಮಗಳಿಗೆ ಬಳೆ ಇಡಿಸಿದೆ. ಹುಡುಗಿ ಅತ್ತಳು. ತಂಗಿ ನನ್ನನ್ನು ಕೆಕ್ಕರಿಸಿ ನೋಡಿದಳು. ಮದುವೆಯೇನೂ ನಿಲ್ಲಲಿಲ್ಲ.

ಜೋಳ ಒಮ್ಮೆಯೂ ತಪ್ಪಲಿಲ್ಲ. ಕೈ ಕೂಡಿತು, ಆದರೆ ಹೆಬ್ಬೆರಳು ಮೊದಲಿನಂತೆ ಮಡಚಲಿಲ್ಲ. ಹಸೀನಾ ಈಗಲೂ ಬಳೆ ಇಡಿಸುತ್ತಾಳೆ, ನಿಧಾನವಾಗಿ. ಅವಸರದವರು ಬೇರೆಯವರ ಹತ್ತಿರ ಹೋಗುತ್ತಾರೆ.

ದಾರಿ ತನ್ನದಾಗಿದ್ದವನ ಮೇಲೂ ಒಂದು ಪಾಲು ಹಾಕಿದ್ದು ನ್ಯಾಯವೇ ಎಂದು ನಾನು ಸಿಕ್ಕವರನ್ನೆಲ್ಲ ಕೇಳಿದ್ದೆ. ಗಾಡಿ ಹೊಡೆಯುವವರು ಅನ್ಯಾಯ ಎಂದರು. ಜೀಪಿನವರು ನಕ್ಕರು. ಕೊನೆಗೆ ಹಸೀನಾಳನ್ನೇ ಕೇಳಿದೆ.

"ನನಗೇನ ಕೇಳತೀ ಅಕ್ಕಾ? ದಾರಿ ಯಾವನದಿತ್ತೋ ಅವನ ದೋಣ್ಯಾಗs ನಾ ಕುಂತಿದ್ದೆ. ಮುರದದ್ದು ನನ್ನ ಕೈ," ಎಂದಳು.

ಆಮೇಲೆ ನಾನು ಯಾರನ್ನೂ ಕೇಳಿಲ್ಲ.